ಹಿತ್ತಲಿನಲ್ಲಿ ಬಿಚ್ಚಿದ ಜಾವಾ

(ಹುಣಸೂರಿನಲ್ಲಿ ಹಳೆಯ ಮೋಟಾರು ಸೈಕಲ್ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ನನ್ನನ್ನು ಇಲ್ಲಿಗೆ ಕರೆದವರು ‘ಹಳೇ ಎಂಜಿನ್ ಮನೇಲೇ ಬಿಚ್ಚಿ ಕಟ್ಟೋದರ ಬಗ್ಗೆ ಅರ್ಧ ಗಂಟೆ ಮಾತಾಡಿ ಸಾರ್’ ಎಂದರು. ಒಪ್ಪಿಕೊಂಡ ಮೇಲೆ ಭಯವಾಯಿತು. ಏಕೆಂದರೆ ನಾನು ಮೆಕ್ಯಾನಿಕ್ ಅಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ನನ್ನ ಮುಂದೆ ಕುಳಿತಿರುವವರಲ್ಲಿ ನನಗಿಂತ ಹೆಚ್ಚು ಎಂಜಿನ್ ಬಿಚ್ಚಿದವರು ಕನಿಷ್ಠ ಹತ್ತು ಮಂದಿ ಇದ್ದೀರಿ. ಆದರೆ ಒಂದು ಎಂಜಿನ್ನನ್ನು ಕೆಡಿಸಿದ ಅನುಭವ ನನಗೆ ಚೆನ್ನಾಗಿದೆ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ಯಾರಿಗಾದರೂ ಉಪಯೋಗವಾದೀತು ಎಂದು ಬಂದಿದ್ದೇನೆ.

ಹೊರದೇಶಗಳಲ್ಲಿ ಈ ಹವ್ಯಾಸಕ್ಕೆ ದೊಡ್ಡ ಹೆಸರಿದೆ. ಜರ್ಮನಿಯ ಪೋರ್ಷೆ 911 ಎಂಬ ಕಾರು 1963ರಲ್ಲಿ ಬೆಳಕು ಕಂಡಿತು. ಅದರ ಆರು ಸಿಲಿಂಡರಿನ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಫ್ಯಾನೊಂದು ಬೀಸುವ ಗಾಳಿ ಮತ್ತು ಒಳಗೆ ಸುತ್ತುವ ಎಣ್ಣೆ, ಇವೆರಡೇ ಅದನ್ನು ತಣಿಸಬೇಕು. 1998ರವರೆಗೆ ಹಾಗೇ ಬಂತು, ಆಮೇಲೆ ನೀರಿಗೆ ತಿರುಗಿತು. ಆ ಹಳೆಯ ಎಂಜಿನ್ನುಗಳನ್ನು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ, ತೊಳೆದು, ಮೊದಲಿಗಿಂತ ಜೋರಾಗಿ ಓಡುವಂತೆ ಮಾಡಿಕೊಳ್ಳುವವರು ಅಲ್ಲಿ ಬೇಕಾದಷ್ಟು ಜನ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಪೋರ್ಷೆ ಹುಡುಕಲು ಹೋಗಬೇಡಿ. ಆದರೆ ಗಾಳಿಯಲ್ಲೇ ತಣಿಯುವ ಎಂಜಿನ್ ನಮ್ಮಲ್ಲಿಯೂ ಇತ್ತು, ಅದೂ ನಮ್ಮ ಜಿಲ್ಲೆಯಲ್ಲೇ ತಯಾರಾದದ್ದು. ಹೊಗೆಸೊಪ್ಪಿನ ಬ್ಯಾರನ್ ಪಕ್ಕದಲ್ಲಿ, ದನದ ಕೊಟ್ಟಿಗೆಯಲ್ಲಿ, ಗೋಣಿಚೀಲ ಹೊದ್ದುಕೊಂಡು ಅದು ಇಂದಿಗೂ ಅಲ್ಲಲ್ಲಿ ನಿಂತಿದೆ.

ಜಾವಾ ಎಂಬ ಹೆಸರನ್ನು ಜಾವಾ ದ್ವೀಪದ ಜೊತೆ ಸೇರಿಸಿ ಹೇಳುವವರನ್ನು ಕೇಳಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ವಿನ್ಯಾಸ ಕೊಂಡುಕೊಂಡ. ತನ್ನ ಹೆಸರಿನ ಮೊದಲ ಅಕ್ಷರಗಳನ್ನೂ ವಾಂಡರರಿನ ಮೊದಲ ಅಕ್ಷರಗಳನ್ನೂ ಕೂಡಿಸಿದ; ಅದೇ ಜಾವಾ. ಮುಂಬಯಿಯ ಪಾರ್ಸಿಯವರಾದ ರುಸ್ತುಂ ಮತ್ತು ಫಾರೂಖ್ ಇರಾನಿ ಅವರು ಇದನ್ನು ಭಾರತಕ್ಕೆ ತಂದರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಮರುವರ್ಷ ಮೈಸೂರಿನ ಯಾದವಗಿರಿಯ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಉದ್ಘಾಟಿಸಿದರು. 1973ರಿಂದ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಪಾನಿನ ತಾಂತ್ರಿಕತೆಯ ನೂರು ಸಿ.ಸಿ. ಬೈಕುಗಳು ಲೀಟರಿಗೆ ಎರಡರಷ್ಟು ದೂರ ಓಡುತ್ತಿದ್ದವು, ಹೊಗೆಯ ಮೇಲೆ ಕಾನೂನು ಬಿಗಿಯಾಗುತ್ತಿತ್ತು, ಒಳಗೆ ಕಾರ್ಮಿಕರ ತಂಟೆಯೂ ಇತ್ತು. ಯಾವುದು ಎಷ್ಟು ಕಾರಣ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ತಣಿಯುವುದು ದ್ರವದಲ್ಲಿ. ಹೆಸರು ಉಳಿದಿದೆ, ಒಳಗಿರುವುದು ಬೇರೆ.

ನಮ್ಮ ತಂದೆ ಜಾವಾ ಕೊಂಡದ್ದು 1970ರಲ್ಲಿ. ಹೊಗೆಸೊಪ್ಪು ಮಾರಿದ ದುಡ್ಡು. ಆ ಕಾಲಕ್ಕೆ ನಮ್ಮೂರಿಗೆ ಬಂದ ಮೂರನೆಯ ಮೋಟಾರು ಸೈಕಲ್ ಅದು. ಅದರ ಮೇಲೆ ಏನೇನು ಹೋಗಿದೆ ಎಂದು ಲೆಕ್ಕ ಇಟ್ಟವರಿಲ್ಲ. ಗೊಬ್ಬರದ ಮೂಟೆ, ಹಾಲಿನ ಕ್ಯಾನು, ಕರು, ಹೆರಿಗೆಗೆ ಹೊರಟ ನಮ್ಮ ಚಿಕ್ಕಮ್ಮ, ಕೆ.ಆರ್. ನಗರದ ಮಿಲ್ಲಿನಿಂದ ಅಕ್ಕಿ, ಒಮ್ಮೆ ಮದುವೆಯ ಒಂದು ಪಾತ್ರೆಯ ಪಾಯಸವೂ ಹೋಗಿದೆ. ಅಮ್ಮನಿಗೆ ಗಡಿಯಾರ ಬೇಕಿರಲಿಲ್ಲ. ಊರಾಚೆಯ ಕೆರೆ ಏರಿಯ ಮೇಲೆ ಜಾವಾ ಸದ್ದು ಕೇಳಿಸಿದರೆ ಹಂಡೆಯ ಬುಡಕ್ಕೆ ಇನ್ನೆರಡು ಸೌದೆ ತಳ್ಳುತ್ತಿದ್ದರು. 1989ರಲ್ಲಿ ಹುಣಸೂರಿನಿಂದ ಬರುವಾಗ ಎಂಜಿನ್ ಸೀಜ್ ಆಯಿತು. ಎತ್ತಿನ ಗಾಡಿಯ ಮೇಲೆ ಮನೆಗೆ ಬಂತು. ಆಗ ದುಡ್ಡಿರಲಿಲ್ಲ, ಆಮೇಲೆ ಮನಸ್ಸಿರಲಿಲ್ಲ. 2003ರಲ್ಲಿ ತಂದೆ ತೀರಿಕೊಂಡರು. 2014ರಲ್ಲಿ ನಾನು ನಿವೃತ್ತನಾದ ಮರುವಾರ ಗೋಣಿಚೀಲ ಎತ್ತಿದೆ. ಇಲಿ ಸಂಸಾರ ಮಾಡಿಕೊಂಡಿತ್ತು.

ಈಗ ಎಂಜಿನ್ನಿನ ವಿಷಯಕ್ಕೆ ಬರೋಣ. ಗೊತ್ತಿರುವವರು ಸಹಿಸಿಕೊಳ್ಳಬೇಕು, ಪತ್ರಿಕೆಯಲ್ಲಿ ಓದುವವರಿಗೂ ತಿಳಿಯಲಿ ಎಂದು ಹೇಳುತ್ತೇನೆ.

ಜಾವಾದ್ದು ಟೂ ಸ್ಟ್ರೋಕ್ ಎಂಜಿನ್. ಒಂದೇ ಸಿಲಿಂಡರು, ಆದರೆ ಹೊಗೆಗೆ ಎರಡು ದಾರಿ, ಎರಡು ಸೈಲೆನ್ಸರ್. ಸಿಲಿಂಡರಿನ ಅಗಲ 65 ಮಿ.ಮೀ., ಪಿಸ್ಟನ್ ಮೇಲಿಂದ ಕೆಳಕ್ಕೆ ಓಡಾಡುವ ದೂರ 75 ಮಿ.ಮೀ.; ಗುಣಿಸಿದರೆ 249 ಸಿ.ಸಿ. ಸುಮಾರು. ಇದರಲ್ಲಿ ವಾಲ್ವ್ ಎಂಬುದೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಲೇ ಆ ಕಿಟಕಿಗಳನ್ನು ಮುಚ್ಚಿ ತೆರೆಯುತ್ತದೆ. ಇವಕ್ಕೆ ಪೋರ್ಟ್ ಎನ್ನುತ್ತಾರೆ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಕೋಣೆ ಪೆಟ್ರೋಲು ಬೆರೆತ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇಳಿದಾಗ ಅದನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಕಮ್ಮಾರನ ಕುಲುಮೆಯ ತಿದಿ ನೋಡಿದ್ದೀರಲ್ಲ, ಅದೇ ಕೆಲಸ. ತಿದಿಯ ಚರ್ಮದಲ್ಲಿ ತೂತಿದ್ದರೆ ಎಷ್ಟು ಒತ್ತಿದರೂ ಬೆಂಕಿ ಏಳುವುದಿಲ್ಲ. ಜಾವಾದಲ್ಲಿ ಆ ತೂತು ಆಗುವುದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳಲ್ಲಿ. ಎಡಗಡೆಯ ಸೀಲು, ಅಂದರೆ ಕ್ಲಚ್ ಕಡೆಯದು, ಹೋದರೆ ಅಲ್ಲಿನ ಎಣ್ಣೆಯನ್ನು ಎಂಜಿನ್ ಕುಡಿಯುತ್ತದೆ. ಊರೆಲ್ಲ ಬಿಳಿ ಹೊಗೆ. ಬಲಗಡೆ ಹೋದರೆ ಬರಿಯ ಗಾಳಿ ನುಗ್ಗುತ್ತದೆ. ಹೊಗೆಯಿಲ್ಲ, ಸದ್ದು ಕೂಡ ಚುರುಕಾಗಿರುತ್ತದೆ, ಆದರೆ ಒಳಗೆ ಪೆಟ್ರೋಲು ಸಾಲದೆ ಸಿಲಿಂಡರ್ ಕಾದು ಕೆಂಡವಾಗುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಹೊಗೆ ಬರುವ ಗಾಡಿಯನ್ನು ಜನ ಬಯ್ಯುತ್ತಾರೆ. ಹೊಗೆ ಬಾರದೆ ಸಾಯುವ ಗಾಡಿಯನ್ನು ಯಾರೂ ಗಮನಿಸುವುದಿಲ್ಲ.

ತಣಿಸುವ ವ್ಯವಸ್ಥೆಯೂ ಸರಳ. ಬಿಸಿ ಕಾಫಿಯನ್ನು ಲೋಟದಿಂದ ತಟ್ಟೆಗೆ ಸುರಿದು ಆರಿಸುತ್ತೇವೆ. ಕಾಫಿ ಅಷ್ಟೇ ಇದೆ, ಗಾಳಿಗೆ ತಾಗುವ ಮೈ ಮಾತ್ರ ಹೆಚ್ಚಾಯಿತು. ಸಿಲಿಂಡರಿನ ಸುತ್ತ ಇರುವ ಪದರ ಪದರದ ರೆಕ್ಕೆಗಳು ಮಾಡುವುದು ಅದನ್ನೇ. ನಮ್ಮ ಬ್ಯಾರನ್ನಿನಲ್ಲಿ ಒಲೆಯ ಬಿಸಿ ಕಬ್ಬಿಣದ ಕೊಳವೆಗಳಲ್ಲಿ ಹರಿದು ಕೋಣೆಯ ಗಾಳಿಗೆ ಇಳಿಯುತ್ತದಲ್ಲ, ಆ ಕೊಳವೆಯ ಮೇಲೆ ಯಾರಾದರೂ ಮಣ್ಣು ಮೆತ್ತಿದರೆ ಸೊಪ್ಪು ಹದವಾಗುತ್ತದೆಯೆ? ಆದರೂ ನಮ್ಮ ಕಡೆ ಜಾವಾ ರೆಕ್ಕೆಗಳ ನಡುವೆ ಕೆಂಪುಮಣ್ಣು, ಎಣ್ಣೆ ಕಲಸಿ ಇಟ್ಟಿಗೆಯಂತೆ ಕಟ್ಟಿಕೊಂಡಿರುತ್ತದೆ. ನಮ್ಮದರಲ್ಲಿ ಚಾಕುವಿನಿಂದ ಕೆರೆದಾಗ ಅರ್ಧ ಬೋಗುಣಿ ಮಣ್ಣು ಬಂತು. ಪೋರ್ಷೆಗೆ ನಿಂತಾಗಲೂ ಬೀಸುವ ಫ್ಯಾನ್ ಇದೆ. ಜಾವಾಕ್ಕೆ ಓಟದ ಗಾಳಿ ಬಿಟ್ಟರೆ ಬೇರೆ ಗತಿಯಿಲ್ಲ. ಭಾರ ಹೇರಿಕೊಂಡು ಏರಿನಲ್ಲಿ ಎರಡನೇ ಗೇರಿನಲ್ಲಿ ಮೆಲ್ಲಗೆ ಹೋಗುವಾಗ ಕೆಲಸ ಅತಿ ಹೆಚ್ಚು, ಗಾಳಿ ಅತಿ ಕಡಿಮೆ.

ಸೀಜ್ ಆಗುವುದು ಹೇಗೆ ಎಂದು ಪಾಠದ ಮೇಷ್ಟ್ರಾಗಿಯೇ ಹೇಳಿಬಿಡುತ್ತೇನೆ. ಸಿಲಿಂಡರ್ ಬೀಡುಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ತಣ್ಣಗಿರುವಾಗ ಇವೆರಡರ ನಡುವೆ ಇರುವ ಸಂದು ತಲೆಗೂದಲಿನ ದಪ್ಪದಷ್ಟು. ಎಂಜಿನ್ ಮಿತಿಮೀರಿ ಕಾದರೆ ಪಿಸ್ಟನ್ ಹಿಗ್ಗಿ ಆ ಸಂದನ್ನು ತಿಂದುಹಾಕುತ್ತದೆ, ಎಣ್ಣೆಯ ಪೊರೆ ಹರಿಯುತ್ತದೆ, ಲೋಹ ಲೋಹಕ್ಕೆ ಅಂಟುತ್ತದೆ, ಹಿಂದಿನ ಚಕ್ರ ತಟ್ಟನೆ ನಿಲ್ಲುತ್ತದೆ. ನಮ್ಮ ತಂದೆ ಗಾಡಿ ಓಡಿಸುವಾಗ ಸದಾ ಎರಡು ಬೆರಳು ಕ್ಲಚ್ ಮೇಲೆ ಇಟ್ಟಿರುತ್ತಿದ್ದರು. ಅದು ಷೋಕಿ ಎಂದು ನಾನು ತಿಳಿದಿದ್ದೆ.

ಮನೆಯಲ್ಲಿ ಬಿಚ್ಚಲು ಏನೇನು ಬೇಕು? ಒಳ್ಳೆಯ ಸ್ಪ್ಯಾನರುಗಳು, ಕ್ಲಚ್ಚಿಗೂ ಮುಂದಿನ ಚೈನ್ ಚಕ್ರಕ್ಕೂ ಪುಲ್ಲರ್, ಫೀಲರ್ ಗೇಜು, ಸೀಮೆಎಣ್ಣೆ ಸಿಕ್ಕರೆ ಸೀಮೆಎಣ್ಣೆ, ಇಲ್ಲದಿದ್ದರೆ ಡೀಸೆಲ್, ಒಂದು ನೋಟುಬುಕ್ಕು. ಕೊನೆಯದನ್ನು ಜನ ಮರೆಯುತ್ತಾರೆ. ಯಾವ ವಾಷರು ಯಾವುದರ ಹಿಂದೆ ಇತ್ತು ಎಂದು ಬರೆದಿಡದಿದ್ದರೆ ಮೂರು ತಿಂಗಳ ಮೇಲೆ ಅದು ಯಾವುದೋ ಸ್ಕೂಟರಿನದಂತೆ ಕಾಣುತ್ತದೆ. ಸುತ್ತಿಗೆಯನ್ನು ಆದಷ್ಟು ದೂರ ಇಡಿ. ಕ್ರ್ಯಾಂಕ್ ಕೇಸ್ ಎರಡು ಹೋಳು, ಅಲ್ಯೂಮಿನಿಯಂ, ಬೇರಿಂಗ್ ಉಕ್ಕು. ಹೊಡೆದು ಕೀಳಲು ಹೋದರೆ ಕೇಸು ಸೀಳುತ್ತದೆ. ಆ ಕೇಸಿನ ಮೇಲೆಯೇ ಎಂಜಿನ್ ನಂಬರ್ ಇರುವುದು. ಅದು ಹೋದರೆ ಆರ್.ಸಿ. ಪುಸ್ತಕವೂ ಹೋದಂತೆ. ಹೋಳನ್ನು ಕಾಯಿಸಬೇಕು. ಎಷ್ಟು ಎಂದರೆ, ದೋಸೆ ಹಂಚಿಗೆ ನೀರು ಚಿಮುಕಿಸಿದಾಗ ಚುಯ್ ಎನ್ನುತ್ತದಲ್ಲ, ಅಷ್ಟು. ಆಗ ಕೇಸು ಹಿಗ್ಗಿ ಬೇರಿಂಗ್ ತನ್ನಷ್ಟಕ್ಕೆ ಜಾರಿ ಬೀಳುತ್ತದೆ. ಹೊಸ ಬೇರಿಂಗನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬಿಸಿ ಕೇಸಿಗೆ ಇಳಿಸಿದರೆ ಕೈಯಿಂದಲೇ ಕೂರುತ್ತದೆ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಬೇರಿಂಗ್ ಕಂಡ ದಿನ ಮನೆಯವರು ಆಡಿದ ಮಾತನ್ನು ಇಲ್ಲಿ ಹೇಳುವಂತಿಲ್ಲ.

ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲಕ್ಕೆ, ಕೆಳಕ್ಕೆ ಎಳೆದು ನೋಡಿ. ಸ್ವಲ್ಪವೂ ಆಟ ಇರಕೂಡದು. ಅಕ್ಕಪಕ್ಕ ಸ್ವಲ್ಪ ಅಲ್ಲಾಡಿದರೆ ಅದು ದೋಷವಲ್ಲ, ಇರಬೇಕಾದದ್ದೇ. ನಮ್ಮದರಲ್ಲಿ ಮೇಲೆ ಕೆಳಗೂ ಆಟವಿತ್ತು. ಜಾವಾ ಕ್ರ್ಯಾಂಕು ಬೋಲ್ಟಿನಿಂದ ಕಟ್ಟಿದ್ದಲ್ಲ, ಒತ್ತಿ ಕೂರಿಸಿದ್ದು. ಅದನ್ನು ಬಿಡಿಸಿ, ಹೊಸ ಪಿನ್ನು, ರೋಲರು, ರಾಡು ಹಾಕಿ, ಮತ್ತೆ ಒತ್ತಿ, ಎರಡು ಬದಿಯ ಚಕ್ರಗಳು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗಕ್ಕಿಂತ ಹೆಚ್ಚು ಓಲಾಡದಂತೆ ಸರಿ ಮಾಡುವುದು ಪ್ರೆಸ್ಸೂ ಡಯಲ್ ಗೇಜೂ ಇರುವವರ ಕೆಲಸ. ಇದೊಂದಕ್ಕೆ ಮಾತ್ರ ಮೈಸೂರಿನ ಲೇತ್ ಅಂಗಡಿಗೆ ಹೋಗಲೇಬೇಕು. ‘ಎಲ್ಲವನ್ನೂ ಮನೆಯಲ್ಲೇ ಮಾಡಿದೆ’ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಇನ್ನು ಬೋರ್ ವಿಚಾರ. ಸವೆದ, ಗೀರುಬಿದ್ದ ಸಿಲಿಂಡರನ್ನು ಕಾಲು ಮಿಲಿಮೀಟರ್ ಅಗಲಿಸಿ, ಅಷ್ಟೇ ದಪ್ಪದ ಓವರ್‌ಸೈಜ್ ಪಿಸ್ಟನ್ ಹಾಕುವುದು ರೂಢಿ. 0.25, 0.50, 0.75, 1.00 ಹೀಗೆ ಮೆಟ್ಟಿಲು. ಒಂದು ಮಿ.ಮೀ. ಅಗಲಿಸಿದ ಜಾವಾ 249ರ ಬದಲು 256 ಸಿ.ಸಿ. ಚಿಲ್ಲರೆ ಆಗಿರುತ್ತದೆ, ಮನುಷ್ಯರಂತೆ ಇದಕ್ಕೂ ವಯಸ್ಸಾದಂತೆ ಹೊಟ್ಟೆ. ಆದರೆ ಪ್ರತಿ ಮೆಟ್ಟಿಲಿಗೂ ಕಬ್ಬಿಣ ಕಡಿಮೆಯಾಗುತ್ತದೆ. ನಮ್ಮ ತಂದೆಯ ಸಿಲಿಂಡರ್ ಅಷ್ಟರಲ್ಲಾಗಲೇ 0.50ರಲ್ಲಿತ್ತು. ಸೀಜ್ ಆದ ಗೀರು ಹೋಗಲು 0.75ಕ್ಕೆ ಹೋಗಬೇಕಾಯಿತು. ಇನ್ನೊಂದೇ ಮೆಟ್ಟಿಲು ಉಳಿಯಿತು. ಆಮೇಲೆ ಒಳಗೆ ಹೊಸ ಕೊಳವೆ ತೂರಿಸಿ ಸ್ಲೀವ್ ಹಾಕಬಹುದು. ಟೂ ಸ್ಟ್ರೋಕಿನಲ್ಲಿ ಆ ಸ್ಲೀವಿಗೆ ಎಲ್ಲ ಕಿಟಕಿಗಳನ್ನೂ ಹಳೆಯ ಜಾಗದಲ್ಲೇ ಕೊರೆಯಬೇಕು. ಚೆನ್ನಾಗಿ ಮಾಡುವವರು ಇದ್ದಾರೆ, ಕಡಿಮೆ.

ಇಲ್ಲಿಯವರೆಗೆ ನಾನು ಮಾಡಿದ್ದು ಸರಿ ಇತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಿಮ್ಮ ಮುಂದೆ ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ.

ಎಂಜಿನ್ ಜೋಡಿಸುವ ಮೊದಲು ನನಗೊಂದು ಹುಚ್ಚು ಹಿಡಿಯಿತು. ಜಾವಾದ ಶಕ್ತಿ ಸುಮಾರು 12 ಅಶ್ವಶಕ್ತಿ. ಅದೇ ಕಾರ್ಖಾನೆ ಆಮೇಲೆ ಮಾಡಿದ ಯೆಜ್ಡಿ ರೋಡ್‌ಕಿಂಗಿನದು 16. ಸಿಲಿಂಡರಿನ ಅಗಲ ಅದೇ, ಉದ್ದ ಅದೇ. ಹಾಗಾದರೆ ಆ ನಾಲ್ಕು ಕುದುರೆ ಎಲ್ಲಿಂದ ಬಂದವು? ಕಿಟಕಿಗಳಿಂದ, ಕಾರ್ಬೋರೇಟರಿನಿಂದ, ಸೈಲೆನ್ಸರಿನಿಂದ, ಹೆಡ್ಡಿನ ಒತ್ತಡದಿಂದ. ಇವೆಲ್ಲವೂ ಒಂದಕ್ಕೊಂದು ಹೊಂದಿಕೊಂಡು ಬರಬೇಕಾದವು. ನಾನು ಕಿಟಕಿಯೊಂದನ್ನೇ ಹಿಡಿದುಕೊಂಡೆ. ಶೋಲಾವರಂ ರೇಸಿನ ಗಾಡಿಗಳಿಗೆ ಹೊಗೆಯ ಪೋರ್ಟನ್ನು ಅರ ಹಾಕಿ ಮೇಲಕ್ಕೆ ಎತ್ತುತ್ತಿದ್ದರು ಎಂದು ಹುಡುಗನಾಗಿದ್ದಾಗ ಕೇಳಿದ್ದೆ. ಹುಣಸೂರಿನಲ್ಲಿ ನನಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು; ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರನ್ನು ಕೇಳಿದೆ. ಅವರು ಸಿಲಿಂಡರನ್ನು ಬೆಳಕಿಗೆ ಹಿಡಿದು ನೋಡಿ, ‘ಮೇಷ್ಟ್ರೇ, ಇದು ಎತ್ತು ಕಣ್ರೀ, ರೇಸ್ ಕುದುರೆ ಅಲ್ಲ. ಸುಮ್ನೆ ಕಟ್ಟಿ’ ಎಂದರು. ನನಗೆ ಭೌತಶಾಸ್ತ್ರ ಗೊತ್ತಿತ್ತಲ್ಲ, ಕೇಳಲಿಲ್ಲ.

ಎರಡು ಭಾನುವಾರ ಕುಳಿತು ಎರಡೂ ಹೊಗೆ ಕಿಟಕಿಗಳ ಮೇಲಂಚನ್ನು ಎರಡು ಮಿ.ಮೀ. ಎತ್ತಿದೆ. ಇದರಿಂದ ಆಗುವುದೇನು? ಪೆಟ್ರೋಲು ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತಿರುವಾಗ ಕಿಟಕಿ ಮೊದಲಿಗಿಂತ ಬೇಗ ತೆರೆಯುತ್ತದೆ. ಎಂಜಿನ್ ಬಹಳ ವೇಗವಾಗಿ ತಿರುಗುವಾಗ ಇದು ಲಾಭ. ಹೊಗೆ ಹೊರಹೋಗಲು ಹೆಚ್ಚು ಸಮಯ ಸಿಗುತ್ತದೆ. ನಿಧಾನ ತಿರುಗುವಾಗ ನಷ್ಟ. ತಳ್ಳುವ ಶಕ್ತಿ ಅರ್ಧದಲ್ಲೇ ಸೋರಿಹೋಗುತ್ತದೆ, ಮೇಲೇರುವಾಗ ಒಳಗಿನ ಗಾಳಿಯೂ ಸೋರುತ್ತದೆ. ಗೊಬ್ಬರದ ಮೂಟೆ ಹೊತ್ತು ಮೂರನೇ ಗೇರಿನಲ್ಲಿ ಡುಗ್ ಡುಗ್ ಎಂದು ಏರಿ ಹತ್ತುತ್ತಿದ್ದ ಗಾಡಿಯ ಗುಣ ಇದ್ದದ್ದೇ ಆ ಎರಡು ಮಿ.ಮೀ. ಕಬ್ಬಿಣದಲ್ಲಿ.

ಗಾಡಿ ಮೊದಲ ಸಲ ಹೊತ್ತಿಕೊಂಡ ದಿನ ಮನೆಯವರೆಲ್ಲ ಅಂಗಳದಲ್ಲಿ ನಿಂತಿದ್ದರು. ಜಾವಾದಲ್ಲಿ ಕಿಕ್ಕರೂ ಗೇರಿನ ಲಿವರೂ ಒಂದೇ ಎಂಬುದು ಮೊಮ್ಮಕ್ಕಳಿಗೆ ದೊಡ್ಡ ಮ್ಯಾಜಿಕ್. ಆರನೇ ಒದೆತಕ್ಕೆ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಜಗುಲಿಯ ಮೇಲೆ ಕುಳಿತವರು ತಲೆ ಬಾಗಿಸಿ ಕೇಳಿಸಿಕೊಂಡು, ‘ಇದು ನಿಮ್ಮಪ್ಪನ ಗಾಡಿ ಸದ್ದಲ್ಲ ಕಣೋ’ ಎಂದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಕಿವಿ ಮಂದವಾಗಿದೆ ಎಂದುಕೊಂಡೆ.

ನಾಲ್ಕು ತಿಂಗಳು ಓಡಿಸಿದೆ. ಬಯಲು ರಸ್ತೆಯಲ್ಲಿ ಜೋರು ನಿಜ. ಹಿಂದೆ ಒಬ್ಬರು ಕುಳಿತರೆ ಏರಿನಲ್ಲಿ ಎರಡನೇ ಗೇರು, ಕಾಯ್ದ ಎಂಜಿನ್ನಿನ ವಾಸನೆ. 2015ರಲ್ಲಿ ಎಚ್.ಡಿ. ಕೋಟೆಯಿಂದ ಹಿಂತಿರುಗುವಾಗ ಒಳಗೆ ಚಟ್ ಎಂಬ ಸದ್ದು, ಹಿಂದೆಯೇ ಕರಕರ. ಎರಡು ಬೆರಳು ಕ್ಲಚ್ ಮೇಲಿದ್ದದ್ದರಿಂದ ಬೀಳಲಿಲ್ಲ.

ಬಿಚ್ಚಿ ನೋಡಿದಾಗ ತಿಳಿದದ್ದು ಇದು. ಅರ ಹಾಕಿದ ಮೇಲೆ ಕಿಟಕಿಯ ಅಂಚನ್ನು ಇಳಿಜಾರಾಗಿ ಉಜ್ಜಿ ನುಣುಪು ಮಾಡಬೇಕು. ಪಿಸ್ಟನ್ ರಿಂಗು ಸ್ಪ್ರಿಂಗಿನಂತೆ ಹೊರಕ್ಕೆ ಒತ್ತಿಕೊಂಡೇ ಇರುತ್ತದೆ. ಪ್ರತಿ ಸುತ್ತಿಗೂ ಅದು ಕಿಟಕಿಯೊಳಕ್ಕೆ ಒಂದಿಷ್ಟು ಉಬ್ಬಿ, ಅಂಚು ಬಂದಾಗ ಮತ್ತೆ ಒಳಸರಿಯಬೇಕು. ಅಂಚು ಹರಿತವಾಗಿದ್ದರೆ ಸಿಕ್ಕಿಕೊಳ್ಳುತ್ತದೆ. ನಿಮಿಷಕ್ಕೆ ನಾಲ್ಕು ಸಾವಿರ ಸಲ. ರಿಂಗಿನ ತುದಿಗಳು ಕಿಟಕಿಗೆ ಸಿಗದಿರಲೆಂದೇ ಪಿಸ್ಟನ್ನಿನಲ್ಲಿ ಸಣ್ಣ ಪಿನ್ನು ಹೊಡೆದು ರಿಂಗು ತಿರುಗದಂತೆ ಮಾಡಿರುತ್ತಾರೆ. ವಿನ್ಯಾಸ ಮಾಡಿದವರು ಅಷ್ಟು ಯೋಚಿಸಿದ್ದರು. ನಾನು ಒಂದು ಕಿಟಕಿಯ ಅಂಚನ್ನು ನುಣುಪು ಮಾಡಿದ್ದೆ. ಎರಡನೆಯದರ ಹೊತ್ತಿಗೆ ಕತ್ತಲಾಗಿತ್ತು, ನಾಳೆ ಮಾಡೋಣ ಎಂದುಕೊಂಡೆ, ಮರೆತೆ. ರಿಂಗು ತುಂಡಾಗಿ ಸಿಲಿಂಡರಿನ ಉದ್ದಕ್ಕೂ ನೇಗಿಲು ಹೊಡೆದಂತೆ ಗೆರೆ ಎಳೆದಿತ್ತು. ಉಳಿದಿದ್ದ ಒಂದು ಮೆಟ್ಟಿಲಿಗೆ ಹೋಗದಷ್ಟು ಆಳ. ಹೋದರೂ ಎತ್ತರಿಸಿದ ಕಿಟಕಿ ಕೆಳಗಿಳಿಯುವುದಿಲ್ಲ.

ಸಿಲಿಂಡರನ್ನು ಚೀಲದಲ್ಲಿ ಹಾಕಿಕೊಂಡು ಉಸ್ತಾದರ ಹತ್ತಿರ ಹೋದೆ. ಅವರು ಬಯ್ಯಲಿಲ್ಲ. ಕಿಟಕಿಯೊಳಗೆ ಕಿರುಬೆರಳು ಹಾಕಿ ಸವರಿ, ಚಹಾ ತರಿಸಿದರು. ಆಮೇಲೆ ತಮ್ಮ ಪರಿಚಯದ ನಾಲ್ಕೈದು ಗುಜರಿ ಅಂಗಡಿಗಳ ದಾರಿ ಹೇಳಿದರು. ಮಾರ್ಕೆಟ್ಟಿನಲ್ಲಿ ಹೊಸದಾಗಿ ಎರಕ ಹೊಯ್ದ ಸಿಲಿಂಡರುಗಳೂ ಸಿಗುತ್ತಿದ್ದವು, ‘ಸಿಕ್ಕರೆ ಕಂಪನಿ ಮಾಲೇ ಹುಡುಕಿ’ ಎಂದರು. ಎಂಟು ತಿಂಗಳು ಹುಡುಕಿದೆ. ಕೊನೆಗೆ ಕೆ.ಆರ್. ನಗರದ ಒಂದು ಗುಜರಿಯಲ್ಲಿ, ಭತ್ತದ ಮಿಲ್ಲಿನ ಹಳೇ ಪುಲ್ಲಿಗಳ ಕೆಳಗೆ, ಒಂದು ರೆಕ್ಕೆ ಮುರಿದ ಜಾವಾ ಸಿಲಿಂಡರ್ ಸಿಕ್ಕಿತು. ತೂಕದ ಲೆಕ್ಕದಲ್ಲಿ ಕೊಟ್ಟರು. ಅಳತೆ ನೋಡಿದರೆ ಒಮ್ಮೆಯೂ ಬೋರ್ ಮಾಡಿಸಿರಲಿಲ್ಲ. ಯಾರ ಮನೆಯ ಗಾಡಿಯೋ, ಏಕೆ ಬಿಚ್ಚಿದರೋ.

ಈ ಸಲ ಉಸ್ತಾದ್ ನಮ್ಮ ಹಿತ್ತಲಿಗೇ ಬಂದು ಕುಳಿತರು. ಅವರ ಕೈಗೆ ನಡುಕ ಬಂದಿತ್ತು. ಆದ್ದರಿಂದ ಅವರು ಹೇಳುವುದು, ನಾನು ಮಾಡುವುದು. ಕೈಪಿಡಿಯಲ್ಲಿ ಇಲ್ಲದ್ದು ಎಷ್ಟೋ ಕಲಿತೆ. ಹೆಡ್ಡಿನ ನಟ್ಟುಗಳನ್ನು ಓರೆಯಲ್ಲಿ ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿಯಬೇಕು. ಪಾಯಿಂಟಿನ ಸಂದು 0.4 ಮಿ.ಮೀ. ಎಂದು ಪುಸ್ತಕ ಹೇಳುತ್ತದೆ. ಪಾಯಿಂಟಿನ ಮುಖಗಳು ಪೂರ್ತಿ ಒಂದಕ್ಕೊಂದು ಕೂರದಿದ್ದರೆ ಆ ಅಳತೆಗೆ ಅರ್ಥವಿಲ್ಲ ಎಂದು ಅವರು ಹೇಳಿದರು. ಸೈಲೆನ್ಸರಿನ ಒಳಕೊಳವೆಗಳು ಮಸಿಯಿಂದ ಕಟ್ಟಿಹೋಗಿದ್ದರೆ ಎಂಜಿನ್ನಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಎಷ್ಟೋ ಜಾವಾಗಳನ್ನು ‘ಎಂಜಿನ್ ಹೋಯಿತು’ ಎಂದು ಮಾರಿದ್ದಾರೆ, ಹೋಗಿದ್ದದ್ದು ಸೈಲೆನ್ಸರಿನ ದಾರಿ ಮಾತ್ರ.

ಹಾಗಾದರೆ ಸುಧಾರಣೆಯನ್ನೇ ಮಾಡಬಾರದೆ ಎಂದು ಇಲ್ಲಿರುವ ಹುಡುಗರು ಕೇಳುತ್ತೀರಿ. ಮಾಡಿದೆ. ಹಳೆಯ ಜಾವಾದ ವಿದ್ಯುತ್ತು 6 ವೋಲ್ಟ್. ದೀಪ ಎಷ್ಟಿರುತ್ತದೆ ಎಂದರೆ, ದೀಪ ಉರಿಯುತ್ತಿದೆಯೇ ಎಂದು ನೋಡಲು ಇನ್ನೊಂದು ದೀಪ ಬೇಕು. ಅಂತರಸಂತೆಯ ಕಡೆ ಮುಸ್ಸಂಜೆಯಲ್ಲಿ ಹೋಗುವವರಿಗೆ ರಸ್ತೆಯ ಮೇಲೆ ನಿಂತಿರುವುದು ಎಮ್ಮೆಯೋ ಆನೆಯೋ ಎಂದು ತಿಳಿಯಬೇಕು. ಅದನ್ನು 12 ವೋಲ್ಟಿಗೆ ಏರಿಸಿದೆ. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಕಿಡಿ ಹಾಕಿಸಿದೆ. ಉಸ್ತಾದರಿಗೆ ಅದು ಸೇರಲಿಲ್ಲ, ನಮ್ಮಿಬ್ಬರಿಗೆ ಅದೊಂದೇ ವಿಷಯದಲ್ಲಿ ಕೊನೆಯವರೆಗೂ ಜಗಳ. ರಬ್ಬರ್ ಪೈಪುಗಳನ್ನು ಬದಲಿಸಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಗಾಳಿಯಲ್ಲೇ ತಣಿಯುವ ಎಂಜಿನ್ನಿಗೆ ತೆಳು ಮಿಶ್ರಣ ಎಂದರೆ ಜ್ವರ. ಒಂದು ಅಳತೆ ದೊಡ್ಡ ಜೆಟ್ ಹಾಕಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿಪುಡಿಯ ಬಣ್ಣ ಇದ್ದರೆ ಸರಿ. ಬೂದಿಯ ಬಿಳಿ ಇದ್ದರೆ ಆ ದಿನ ಗಾಡಿ ತೆಗೆಯಬೇಡಿ. ಆಯಿಲ್ ಮಾತ್ರ ಹಳೆಯ ಲೆಕ್ಕವೇ: ಹೊಸ ಬೋರಿಗೆ ಲೀಟರಿಗೆ 50 ಮಿ.ಲೀ., ಪಳಗಿದ ಮೇಲೆ 40. ಈಗಿನ ಒಳ್ಳೆಯ ಟೂ-ಟಿ ಎಣ್ಣೆಗೆ ಅಷ್ಟು ಬೇಡ ಎನ್ನುವವರಿದ್ದಾರೆ. ಇರಬಹುದು. ಸ್ವಲ್ಪ ಹೊಗೆ ಬಂದರೆ ನನಗೆ ನಿದ್ದೆ ಬರುತ್ತದೆ.

ನಾನು ಮಾಡಿದ ಈ ಸುಧಾರಣೆಗಳಲ್ಲಿ ಯಾವುದನ್ನಾದರೂ ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಹಳೆಯದನ್ನು ಹಾಕಬಹುದು. ಪಾಯಿಂಟು, ಕಾಯಿಲು, 6 ವೋಲ್ಟಿನ ಡೈನಮೊ ಎಲ್ಲವೂ ಎಣ್ಣೆಕಾಗದದಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿವೆ. ಅರ ಹಾಕಿದ್ದಕ್ಕೆ ಅಂಥ ಡಬ್ಬ ಇಲ್ಲ.

ಮೈಸೂರಿನಲ್ಲಿ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನಾಚರಣೆ ಎಂದು ನೂರಾರು ಗಾಡಿಗಳು ಸೇರುತ್ತವೆ. ಕನ್ನಡಿಯಂತೆ ಉಜ್ಜಿದ ಗಾಡಿಗಳನ್ನು ನೋಡಲು ಸಂತೋಷ. ಆದರೆ ನನ್ನ ಕಣ್ಣು ಹುಡುಕುವುದು ಅಲ್ಲಿ ಬರುವ ವಯಸ್ಸಾದವರನ್ನು: ಯಾದವಗಿರಿಯಲ್ಲಿ ಹೊಟ್ಟೆಪಾಡಿಗೆ ಎಂಜಿನ್ ಜೋಡಿಸಿದವರನ್ನು. ಬಿಡಿಭಾಗಗಳನ್ನು ಮತ್ತೆ ಎರಕ ಹೊಯ್ಯಬಹುದು. ಬೇರಿಂಗ್ ಕೂತ ಸದ್ದು ಯಾವುದು, ಕೂರದ ಸದ್ದು ಯಾವುದು ಎಂದು ಹೇಳುವ ಕಿವಿಗಳು ವರ್ಷಕ್ಕಿಷ್ಟು ಕಡಿಮೆಯಾಗುತ್ತಿವೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಂಥವರು ಇನ್ನೂ ಇದ್ದಾರೆ. ಪಂಕ್ಚರ್ ಅಂಗಡಿಯಲ್ಲಿ, ಮಗನ ಸ್ಕೂಟಿ ಗ್ಯಾರೇಜಿನ ಮೂಲೆಯ ಸ್ಟೂಲಿನ ಮೇಲೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ. ನನ್ನ ಉಸ್ತಾದ್ 2019ರಲ್ಲಿ ಹೋದರು. ಅವರು ಹೇಳಿದ್ದರಲ್ಲಿ ನನ್ನ ನೋಟುಬುಕ್ಕಿನಲ್ಲಿರುವುದು ಹನ್ನೊಂದು ಪುಟ ಮಾತ್ರ. ಉಳಿದದ್ದನ್ನು ಚಹಾ ಕುಡಿಯುತ್ತಾ ಕೇಳಿ ಮರೆತಿದ್ದೇನೆ.

ಎರಡನೇ ಸಲ ಗಾಡಿ ಹೊತ್ತಿಸಿದ್ದು 2016ರ ಯುಗಾದಿಯ ಹಿಂದಿನ ಸಂಜೆ. ಯಾರನ್ನೂ ಕರೆದಿರಲಿಲ್ಲ. ಕೆರೆ ಏರಿಯವರೆಗೆ ಹೋಗಿ, ತಿರುಗಿಸಿ, ಮೂರನೇ ಗೇರಿನಲ್ಲಿ ಮೆಲ್ಲಗೆ ಏರಿ ಹತ್ತಿಸಿಕೊಂಡು ಬಂದೆ. ಮನೆ ಮುಂದೆ ನಿಲ್ಲಿಸಿದಾಗ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಏನಾದರೂ ಹೇಳುತ್ತಾರೆ ಎಂದು ಕಾದೆ. ‘ಬಲಗಡೆ ಕೊಳವೆ ಇನ್ನೂ ಸರಿಯಾಗಿ ಕೂರಿಸಿಲ್ಲ ನೀನು’ ಎಂದರು. ಬಗ್ಗಿ ನೋಡಿದೆ. ಬಲಗಡೆಯ ಸೈಲೆನ್ಸರಿನ ಒಳಕೊಳವೆಯ ಬೋಲ್ಟು ಸಡಿಲವಾಗಿತ್ತು.

ನನ್ನ ಅರ್ಧ ಗಂಟೆ ಮುಗಿದಿದೆ. ಗಾಡಿ ಹೊರಗೆ ನಿಲ್ಲಿಸಿದ್ದೇನೆ, ಬೇಕಾದವರು ಒದ್ದು ನೋಡಬಹುದು. ಲಿವರನ್ನು ಮೊದಲು ಒಳಕ್ಕೆ ಒತ್ತಿ ಆಮೇಲೆ ಮೇಲಕ್ಕೆ ತಿರುಗಿಸಿ. ಕೆಟ್ಟ ಸಿಲಿಂಡರನ್ನೂ ತಂದು ಆ ಮೇಜಿನ ಮೇಲೆ ಇಟ್ಟಿದ್ದೇನೆ. ಕಿಟಕಿಯೊಳಗೆ ಬೆರಳು ಹಾಕಿ ನೋಡಿ, ನುಣುಪು ಮಾಡಿದ ಅಂಚಿಗೂ ಮಾಡದ ಅಂಚಿಗೂ ವ್ಯತ್ಯಾಸ ತಿಳಿಯುತ್ತದೆ. ಎಡಗಡೆಯದು ಇನ್ನೂ ಹರಿತವಾಗಿದೆ, ಜೋಪಾನ.